ಬಾಂಗಿಗೆ ಮುಂಚೆ ನಿಂತುಹೋದ ಹಾಡು

"ಹಾಡು ಹಾಕ್ಬೇಡ ಅನ್ನೋಕೆ ಬಂದಿಲ್ಲ ಕಣಪ್ಪ ನಾನು," ಎಂದಳು ಕಸಿಯೆಂ ಅಜ್ಜಿ. "ಹಾಕು. ದಿನಾ ಹಾಕು. ಆದ್ರೆ ಪೂರ್ತಿ ಹಾಕು. ನನ್ನ ಪದ ಮುಗಿಯೋ ತನಕ ಮಧ್ಯೆ ಬಾಯಿ ಹಾಕ್ಬೇಡ."

ಪರಕಾನ್ ಪೇಟೆಯ ಸಣ್ಣ ರೇಡಿಯೊ ಕೇಂದ್ರದ ಮೆಟ್ಟಿಲ ಮೇಲೆ ಅವಳು ಕಾಲು ಮಡಿಚಿ ಕೂತಿದ್ದಳು. ಮಡಿಲಲ್ಲಿ ಬಾಳೆಲೆಯ ಪೊಟ್ಟಣ, ಅದರೊಳಗೆ ಬೇಯಿಸಿದ ಮರಗೆಣಸು. ಸುಂಬಿಂಗ್ ಬೆಟ್ಟದ ಇಳಿಜಾರಿನ ತನ್ನ ಹಳ್ಳಿಯಿಂದ ಹೊಗೆಸೊಪ್ಪಿನ ಲಾರಿ ಹತ್ತಿ ಬಂದಿದ್ದಳು. ಕೊಯ್ಲಿನ ಕಾಲ. ಬೀದಿಯುದ್ದಕ್ಕೂ ಬಿದಿರಿನ ತಟ್ಟಿಗಳ ಮೇಲೆ ಹೆಚ್ಚಿದ ಸೊಪ್ಪು ಒಣಗುತ್ತಿತ್ತು. ಸಿಹಿಯೂ ಕಹಿಯೂ ಆದ ಅದರ ವಾಸನೆ ಬಟ್ಟೆಗೆ, ಕೂದಲಿಗೆ, ಕಡೆಗೆ ಅನ್ನಕ್ಕೂ ಅಂಟಿಕೊಳ್ಳುವ ತಿಂಗಳು ಅದು.

ತಾತಂಗ್ ಬಾಗಿಲಿಗೆ ಒರಗಿ ಲವಂಗದ ಸಿಗರೇಟು ಸೇದುತ್ತಿದ್ದ. ದೂರದ ಬಾಂಡುಂಗ್ ನಗರದವನು. ಹೆಗಲ ತನಕ ಕೂದಲು, ಕರಿಯ ಅಂಗಿ. ಹೆಂಡತಿ ವಿಂದಾರ್ತಿಯ ಊರೆಂದು ಇಲ್ಲಿಗೆ ಬಂದು ಐದು ತಿಂಗಳಾಗಿತ್ತು. ರೇಡಿಯೊದಲ್ಲಿ ಅವನು ತಾತಂಗ್ ಅಲ್ಲ, ಬಾದಾಯ್. ಬಿರುಗಾಳಿ ಎಂದು ಅರ್ಥ. ನಮ್ಮ ಕಡೆ ರೇಡಿಯೊದಲ್ಲಿ ಮಾತಾಡುವವರೆಲ್ಲ ಗಾಳಿಯಲ್ಲಿ ಹೋಗುವ ದನಿಗೆ ಬೇರೊಂದು ಹೆಸರು ಇಟ್ಟುಕೊಳ್ಳುತ್ತಾರೆ. ಸ್ವಂತ ಹೆಸರು ಮನೆಯಲ್ಲೇ ಉಳಿಯುತ್ತದೆ.

"ಅಜ್ಜಿ, ನಿಮ್ಮ ಮೊಮ್ಮಗನ ಅರಚಾಟ ನಿಮಗೆ ಹಿಡಿಸ್ತಾ?"

"ಕುರಿ ಕೊಯ್ದ ಹಾಗೆ ಅರಚ್ತಾನೆ. ಅರಚ್ಲಿ ಬಿಡು, ವಯಸ್ಸು. ನಾನು ಹೇಳ್ತಿರೋದು ಕೊನೇಲಿ ಬರೋ ಪದದ ವಿಷ್ಯ. ಅದು ಕಾಯಿಲೆ ಬಿದ್ದೋರ ಮನೇಲಿ ಸಂಜೆ ಹೊತ್ತು ಹೇಳೋದು. ಯಾರು ಮುಟ್ಟಿದಾರೋ ಗೊತ್ತಾಗಲ್ವಲ್ಲ, ಅದಕ್ಕೆ ಬೆಟ್ಟದೋರು, ನೀರಿನೋರು, ಬೇರಿನಡಿಯೋರು ಎಲ್ಲಾರನ್ನೂ ಕರೀತೀವಿ. ಕಾಯಿಲೆಯೋರ ಹೆಸರು ಹೇಳಿ ತೋರಿಸ್ತೀವಿ. ಕೊನೇ ಸಾಲಲ್ಲಿ ಎಲ್ಲಾರನ್ನೂ ವಾಪಸ್ ಮನೆಗೆ ಕಳಿಸ್ತೀವಿ. ನೀನು ಕರೀತೀಯ. ಹೆಸರೂ ಹೇಳ್ತೀಯ. ಕಳಿಸೋದೇ ಇಲ್ಲ."

"ಓಹೋ. ಕೊನೇ ಸಾಲು ಕೇಳಿಸ್ಲಿಲ್ಲ ಅಂತ ಬೇಜಾರು. ದೊಡ್ಡ ಹಾಡುಗಾರ್ತಿಯರದೆಲ್ಲ ಇದೇ ಗೋಳು." ತಾತಂಗ್ ಹೊಗೆ ಬಿಟ್ಟ. "ಹಾಗಾದ್ರೆ ಕರೆದೋರೆಲ್ಲ ಈಗ ಎಲ್ಲಿದಾರೆ? ಒಳಗೆ ಸ್ಟುಡಿಯೋದಲ್ಲಾ? ಕಾಫಿ ಕಳಿಸ್ಲಾ?"

ಅಜ್ಜಿ ನಗಲಿಲ್ಲ. ಅವನ ಹೆಗಲ ಹಿಂದಿನ ಕತ್ತಲು ಓಣಿಯನ್ನು ಒಂದು ಸಲ ನೋಡಿದಳು. "ಕಾಯ್ತಾ ಇದಾರೆ," ಎಂದಳು. ಮರಗೆಣಸಿನ ಪೊಟ್ಟಣವನ್ನು ಅವನ ಕೈಗಿಟ್ಟು ಎದ್ದು ಹೋದಳು.

ಹಾಡಿನ ಹೆಸರು 'ಸುರುಪ್'. ಹೊತ್ತು ಮುಳುಗುವ ಗಳಿಗೆ ಎಂದು. ಅಜ್ಜಿಯ ಮೊಮ್ಮಗ ಪ್ರಿಹಂತೊ ಮತ್ತು ಅವನ ಮೂವರು ಗೆಳೆಯರು ಹೊಗೆಸೊಪ್ಪಿನ ಕೊಟ್ಟಿಗೆಯಲ್ಲಿ ಕಟ್ಟಿದ ಮೆಟಲ್ ಹಾಡು. ಒಟ್ಟು ಒಂಬತ್ತು ನಿಮಿಷ. ಏಳು ನಿಮಿಷ ಗಿಟಾರು ಗರಗಸದಂತೆ ಕೊಯ್ಯುತ್ತದೆ, ಡ್ರಮ್ಮು ಎದೆಯ ಗೂಡನ್ನು ಒದೆಯುತ್ತದೆ, ಪ್ರಿಹಂತೊ ಗಂಟಲು ಹರಿದುಕೊಳ್ಳುತ್ತಾನೆ. ಆಮೇಲೆ ಎಲ್ಲವೂ ಒಮ್ಮೆಗೇ ಬೀಳುತ್ತದೆ. ಆ ಮೌನದೊಳಗಿಂದ ಅಜ್ಜಿಯ ದನಿ, ಒಣಗಿದ ಎಲೆಯನ್ನು ಎಳೆದಂತೆ:

"ಬೆಟ್ಟದ ಬೆನ್ನಿನವರೇ ಬನ್ನಿ, ನೀರಿನ ಕಣ್ಣಿನವರೇ ಬನ್ನಿ, ಬೇರಿನ ಅಡಿಯವರೇ ಬನ್ನಿ, ಬೂದಿಯ ಬಾಯವರೇ ಬನ್ನಿ. ಮಲಗಿದೆ ಇಲ್ಲಿ ಒಂದು ಹೆಸರು, ಬಂದು ನೋಡಿ..."

ಅಲ್ಲಿ ಅಜ್ಜಿ ಉಸಿರು ನಿಲ್ಲಿಸುತ್ತಾಳೆ. ಕಾಯಿಲೆಯವರ ಹೆಸರಿಗೆಂದು ಬಿಟ್ಟ ಜಾಗ ಅದು.

ಆ ಜಾಗ ತಾತಂಗನಿಗೆ ಬಹಳ ಹಿಡಿಸಿತ್ತು. ಕೇಳುಗರು ಕೂಪನ್ ಮೇಲೆ ಬರೆದು ಕಳಿಸುವ ಸಲಾಮುಗಳನ್ನು, ಇಂಥವರಿಂದ ಇಂಥವರಿಗೆ ಎಂದು, ಸರಿಯಾಗಿ ಅಲ್ಲೇ ಓದುತ್ತಿದ್ದ. ಅವನ ದನಿ ಅಂಥದ್ದು. ತಳದಲ್ಲಿ ಗುಡುಗು, ಮೇಲೆ ಜೇನು. ಹೆಸರುಗಳ ಹಿಂದೆ ಅಜ್ಜಿಯ ಪದ ಸಾಗುತ್ತಿತ್ತು. ಕೊನೆಯ ಸಾಲಿಗೆ ಇನ್ನೇನು ಬಂದಿತು ಎನ್ನುವಾಗ ಮಗ್ರಿಬಿನ, ಎಂದರೆ ಸಂಜೆಯ ನಮಾಜಿನ, ಹೊತ್ತಾಗುತ್ತಿತ್ತು. ಮಸೀದಿಯ ಬಾಂಗನ್ನು ಒಂದು ಕ್ಷಣವೂ ತಡ ಮಾಡದೆ ಬಿತ್ತರಿಸಬೇಕೆಂದು ಕೇಂದ್ರದ ಯಜಮಾನರ ಕಟ್ಟಪ್ಪಣೆ. ಅದು ಸರಿಯೇ. ದೇವರ ಕರೆಗೆ ಹಾಡು ದಾರಿ ಬಿಡಬೇಕು. ಆದರೆ ಹಾಡನ್ನು ಐದು ನಿಮಿಷ ಮುಂಚೆ ಹಚ್ಚಿದ್ದರೆ ಎರಡಕ್ಕೂ ಜಾಗವಿತ್ತು. ತಾತಂಗ್ ಹಚ್ಚುತ್ತಿರಲಿಲ್ಲ. ಬೇಕೆಂದೇ ತಡ ಮಾಡುತ್ತಿದ್ದ. ಅಜ್ಜಿಯ ದನಿಯನ್ನು ಮೆಲ್ಲಗೆ ಇಳಿಸಿ ಹೇಳುತ್ತಿದ್ದ: "ಕೊನೇ ಸಾಲು ಬೇಕಾ? ನಾಳೆ ಬನ್ನಿ."

ಅವನ ಚಾಣಾಕ್ಷತನವೇ ಅದು. ಇಡೀ ಇಳಿಜಾರು ಆ ಸಾಲಿಗಾಗಿ ಕಾದು ಕೂರುತ್ತಿತ್ತು. ಸೊಪ್ಪು ಹೆಚ್ಚುವ ಹುಡುಗರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ರೇಡಿಯೊದಿಂದಲೇ ಹಾಡು ಇಳಿಸಿಕೊಳ್ಳುತ್ತಿದ್ದರು. ಎಲ್ಲರ ಕ್ಯಾಸೆಟ್ಟೂ ಅಲ್ಲೇ ನಿಲ್ಲುತ್ತಿತ್ತು. ಪೂರ್ತಿ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟು ತಾತಂಗನ ಬಳಿ ಇತ್ತು. ಅದರ ಕೊನೆಯ ಮೇಲೂ ಅವನು ಕೇಂದ್ರದ ಗುರುತಿನ ರಾಗವನ್ನು ರೆಕಾರ್ಡ್ ಮಾಡಿಬಿಟ್ಟಿದ್ದ, ಕೈತಪ್ಪಿಯೂ ಯಾರಿಗೂ ಕೇಳಿಸಬಾರದೆಂದು. ಜಕಾರ್ತದ ದೊಡ್ಡ ಕೇಂದ್ರದವರು ಈ ಹಾಡಿನ ಗದ್ದಲ ಕೇಳಿ ಅವನಿಗೆ ಕೆಲಸ ಕೊಡುವ ಮಾತಾಡಿದ್ದರು.

ಮೊದಲು ಕಂಡಿದ್ದು ಯಂತ್ರ ನೋಡಿಕೊಳ್ಳುವ ತರ್ವೊಕೊಗೆ.

"ಅಣ್ಣಾ, ಇದು ನೋಡು," ಎಂದ ಒಂದು ಸಂಜೆ. ಹಾಡಿನ ದನಿ ಇಳಿಸಿಯಾಗಿತ್ತು. ಮೈಕು ಮುಚ್ಚಿತ್ತು. ಬಾಂಗ್ ಇನ್ನೂ ಶುರುವಾಗಿರಲಿಲ್ಲ. ದನಿಯ ಏರಿಳಿತ ತೋರಿಸುವ ಮೀಟರಿನ ಮುಳ್ಳು ಸೊನ್ನೆಯಲ್ಲಿ ಮಲಗಿರಬೇಕು. ಅದು ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಏಳುತ್ತಿತ್ತು, ಬೀಳುತ್ತಿತ್ತು.

"ಉಸಿರಾಡಿದ ಹಾಗಿಲ್ವಾ?"

"ವೈರು ಸಡಿಲ ಇರ್ಬೇಕು. ನಿನ್ನ ತಲೇಲೂ ಒಂದು ಸಡಿಲ ಆಗಿದೆ, ಎರಡನ್ನೂ ಬಿಗಿ ಮಾಡ್ಕೋ."

ತರ್ವೊಕೊ ಗೋಡೆಯ ಕಡೆ ತಿರುಗಿದ. ಮೂಗು ಅರಳಿಸಿದ. ಸ್ಟುಡಿಯೊದ ಗೋಡೆಗೆ ಅಂಟಿಸಿದ ಮೊಟ್ಟೆ ತಟ್ಟೆಗಳ ಸಂದಿಯಿಂದ ಆರಿದ ಒಲೆಯ ವಾಸನೆ ಬರುತ್ತಿತ್ತು. ತಣ್ಣಗಿನ ಬೂದಿ, ಅದರ ಮೇಲೆ ನೀರು ಚೆಲ್ಲಿದಂತೆ.

ಹೊಗೆಸೊಪ್ಪು ವಿಂಗಡಿಸುತ್ತಿದ್ದ ಲಾಸಿನಿ ಎಂಬ ಹುಡುಗಿಗೆ ಅವಳನ್ನು ಮದುವೆಯಾಗಬೇಕಿದ್ದ ವಾಗಿಮಿನ್ ಸಲಾಂ ಕಳಿಸಿದ್ದ. ಹಾಡು ಶುರುವಾದ ಇಪ್ಪತ್ತೊಂದನೆಯ ಸಂಜೆ ತಾತಂಗ್ ಅವಳ ಹೆಸರನ್ನು ಜೇನಿನಲ್ಲಿ ಅದ್ದಿ ಓದಿದ. ಆ ಸಂಜೆಯೇ ಲಾಸಿನಿ ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ಬಾಗಿಲಿಗೆ ಬಂದು ನಿಂತಳು. ತಲೆ ಒಂದು ಕಡೆ ವಾಲಿತ್ತು. ಯಾರೋ ದೂರದಲ್ಲಿ ಮಾತಾಡುವುದನ್ನು ಕೇಳುವವಳಂತೆ. ತಾಯಿ ಊಟಕ್ಕೆ ಕರೆದರೆ ತುಟಿಗೆ ಬೆರಳಿಟ್ಟು ಹೇಳಿದಳು: "ಶ್... ಇನ್ನೂ ಮುಗಿದಿಲ್ಲ."

ಹಗಲು ಕಲ್ಲಿನಂತೆ ಮಲಗುತ್ತಿದ್ದಳು. ಹೊತ್ತಿಳಿದರೆ ಎದ್ದು ಬಾಗಿಲಿಗೆ. ಅನ್ನವಿಲ್ಲ, ನೀರಿಲ್ಲ. ಒಂಬತ್ತನೆಯ ಸಂಜೆ ನಿಂತಲ್ಲೇ ಹೋದಳು. ಮೈ ತೊಳೆದ ಹೆಂಗಸರು ಹೇಳಿದರು, ಬಾಯೊಳಗೆಲ್ಲ ಬೂದಿ ಇತ್ತೆಂದು.

ಇನ್ನಿಬ್ಬರು ಅದೇ ರೀತಿ ಬಾಗಿಲಿಗೆ ಬಂದು ನಿಂತರು. ಇಬ್ಬರ ಹೆಸರೂ ಓದಿದ್ದೇ.

ಅಲ್ಲಿಗೆ ಕೂಪನ್ ಪೆಟ್ಟಿಗೆ ಖಾಲಿಯಾಯಿತು. ಪೇಟೆಯಲ್ಲಿ ತಾತಂಗನನ್ನು ಕಂಡರೆ ತಾಯಂದಿರು ಮಕ್ಕಳ ಹೆಸರು ಕೂಗುವುದನ್ನು ನಿಲ್ಲಿಸುತ್ತಿದ್ದರು.

"ಬಿಟ್ಬಿಡ್ರೀ ಆ ಹಾಡನ್ನ," ಎಂದಳು ವಿಂದಾರ್ತಿ. ಏಳು ತಿಂಗಳ ಬಸುರಿ. ಒಲೆಯ ಮುಂದೆ ಕೂತು ಸೋಯಾಕಾಳಿನ ತೆಂಪೆ ಕರಿಯುತ್ತಿದ್ದಳು. "ಇಲ್ಲ, ಪೂರ್ತಿನಾದ್ರೂ ಹಾಕಿ. ಅಜ್ಜಿ ಕೇಳಿದ್ದು ಅಷ್ಟೇ ತಾನೇ?"

"ಪೂರ್ತಿ ಹಾಕಿದ್ರೆ ಹೆದರಿಬಿಟ್ಟ ಅಂತಾರೆ. ಜಕಾರ್ತದೋರಿಗೆ ಏನು ಹೇಳ್ಲಿ? ದೆವ್ವ ಬಂದಿತ್ತು, ರಜೆ ಕೊಡಿ ಅನ್ಲಾ?"

"ನಿಮ್ಮ ನಾಲಿಗೆಗೆ ಮೂಳೆ ಇಲ್ಲ."

"ಅದಕ್ಕೇ ಅಲ್ವಾ ನೀನು ಮದ್ವೆ ಆಗಿದ್ದು?"

ಅವಳು ನಕ್ಕಳು. ಅವಳು ಮನಸಾರೆ ನಕ್ಕಿದ್ದು ಅದೇ ಕೊನೆ.

ನಲವತ್ತನೆಯ ಸಂಜೆ. ಹಾಡು ಏಳು ನಿಮಿಷ ಅಬ್ಬರಿಸಿ ಬಿತ್ತು. ಅಜ್ಜಿ ಕರೆಯತೊಡಗಿದಳು. ಹೆಸರಿನ ಜಾಗ ಬಂತು. ತಾತಂಗನ ಮುಂದೆ ಒಂದೂ ಕೂಪನ್ ಇರಲಿಲ್ಲ. ಅವನು ಮೈಕಿಗೆ ಬಾಗಿದ.

"ಏನ್ರಪ್ಪಾ, ಇವತ್ತು ಯಾರಿಗೂ ಯಾರ ಮೇಲೂ ಪ್ರೀತಿ ಇಲ್ವಾ? ಎಲ್ಲಾ ಹೆದರಿ ಕಂಬಳಿ ಹೊದ್ಕೊಂಡ್ರಾ? ಸರಿ, ನಾನೇ ಕಳಿಸ್ತೀನಿ. ಬಾದಾಯ್ ಕಡೆಯಿಂದ, ನನ್ನ ಮುದ್ದು ಹೆಂಡತಿ ವಿಂದಾರ್ತಿಗೆ. ಅವಳ ಹೊಟ್ಟೇಲಿರೋ ನನ್ನ ಕಂದನಿಗೆ. ಕೊನೇ ಸಾಲು ಬೇಕಾ? ನಾಳೆ ಬನ್ನಿ."

ಗಾಜಿನ ಆಚೆ ತರ್ವೊಕೊ ಎದ್ದು ನಿಂತಿದ್ದ. ಮೀಟರಿನ ಮುಳ್ಳು ಸೊನ್ನೆಯಿಂದ ಎದ್ದು ಕೊನೆಯ ತನಕ ಹೋಗಿ ಅಲ್ಲೇ ನಡುಗುತ್ತಿತ್ತು.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ದೀಪ ಹಚ್ಚಿರಲಿಲ್ಲ. ಒಳಗೆ ರೇಡಿಯೊ ಸುಮ್ಮನೆ ಭುಸುಗುಡುತ್ತಿತ್ತು. ಸೀದ ಎಣ್ಣೆಯ ವಾಸನೆ. ಅದರಡಿಯಲ್ಲಿ ತಣ್ಣಗಿನ ಬೂದಿಯ ವಾಸನೆ. ವಿಂದಾರ್ತಿ ಹೊಸ್ತಿಲ ಮೇಲೆ ನಿಂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ. ತಲೆ ಒಂದು ಕಡೆ ವಾಲಿತ್ತು.

"ವಿಂದಾ."

ಅವಳು ತುಟಿಗೆ ಬೆರಳಿಟ್ಟಳು. "ಶ್..."

ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ. ಸಂಜೆಯಾದರೆ ಒದ್ದಾಡುವ ಕೂಸು ಅಲುಗಾಡಲಿಲ್ಲ. ಸತ್ತಿರಲಿಲ್ಲ. ಅಂಗೈಯಡಿ ಅದರ ಎದೆಬಡಿತ ಸಿಗುತ್ತಿತ್ತು. ಅದೂ ಕಿವಿಗೊಟ್ಟಿತ್ತು.

ಮರುದಿನ ಬೆಳಗ್ಗೆ ಮೋಟಾರ್ ಸೈಕಲ್ಲು ಬೆಟ್ಟ ಹತ್ತಿತು. ಕಸಿಯೆಂ ಅಜ್ಜಿ ಅಂಗಳದಲ್ಲಿ ಸೊಪ್ಪು ತಿರುವುತ್ತಿದ್ದಳು. ತಾತಂಗ್ ಅವಳ ಕಾಲ ಬಳಿ ಕುಸಿದ.

"ಕೊನೇ ಸಾಲು ಹೇಳಿ ಅಜ್ಜಿ. ಇಲ್ಲೇ ಹೇಳಿ, ಅವರನ್ನ ಕಳಿಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ದಿನಾ ಹೇಳ್ತಾನೇ ಇದೀನಿ. ಲಾಸಿನಿ ಮನೆಗೂ ಹೋಗಿ ಹೇಳ್ದೆ. ಕೇಳೋರು ಯಾರು? ಅವರು ನಿನ್ನ ದನಿ ಕೇಳಿ ನಿಂತಿರೋರು. ನಾಳೆ ಬನ್ನಿ ಅಂದೋನು ನೀನು. ಹೋಗಿ ಅಂತ ನೀನೇ ಹೇಳ್ಬೇಕು."

"ಹೇಳ್ತೀನಿ. ಇವತ್ತೇ ಹೇಳ್ತೀನಿ."

"ನಿನ್ನ ಹೆಸರು ಹೇಳಿ ಕಳಿಸ್ಬೇಕು. ಆ ಬಾದಾಯ್ ಅನ್ನೋನು ಇಲ್ವೇ ಇಲ್ಲ. ಇಲ್ದೋನು ಕಳಿಸಿದ್ರೆ ಯಾರು ಹೋಗ್ತಾರೆ?" ಅಜ್ಜಿ ಸೊಪ್ಪಿನಿಂದ ಕೈ ತೆಗೆದಳು. "ಇನ್ನೊಂದು ಮಾತು. ನಮ್ಮಲ್ಲಿ ಮನೆಗೆ ಕರೆದೋರನ್ನ ಬರಿಗೈಲಿ ಕಳಿಸಲ್ಲ, ಬುತ್ತಿ ಕಟ್ಟಿ ಕಳಿಸ್ತೀವಿ. ಒಂದು ಗಳಿಗೆ ನಿಂತು ಹೋಗೋರಿಗೆ ಪದವೇ ಸಾಕಾಗಿತ್ತು. ನೀನು ನಲವತ್ತು ಸಂಜೆ ನಿಲ್ಲಿಸ್ಕೊಂಡಿದೀಯ."

"ಏನು ಕೊಡ್ಬೇಕು?"

ಅಜ್ಜಿ ಅವನ ಗಂಟಲನ್ನೇ ನೋಡಿದಳು.

"ಏನು ಕೇಳ್ಕೊಂಡು ಬಂದ್ರೋ ಅದನ್ನೇ ಒಯ್ತಾರೆ ಮಗಾ."

ತಾತಂಗ್ ಬಾಯಿ ತೆರೆದ. ಏನೋ ಕುಚೋದ್ಯ ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಅವನಿಗೆ ಗೊತ್ತಿದ್ದ ಕೆಲಸ ಒಂದೇ. ದೇವರು ಕೊಟ್ಟಿದ್ದ ವರವೂ ಒಂದೇ. "ಹೇಳಿಕೊಡಿ," ಎಂದ. ಅಜ್ಜಿ ಸಾಲನ್ನು ಅವನ ಕಿವಿಯಲ್ಲಿ ಮೂರು ಸಲ ಹೇಳಿದಳು. ಕೊನೆಗೆ ಎಂದಳು: "ಊರಲ್ಲಿರೋ ಕ್ಯಾಸೆಟ್ಟೆಲ್ಲ ಸುಡಿಸು. ಅದರಲ್ಲೂ ಕರೆಯೋದೇ ಇದೆ, ಕಳಿಸೋದಿಲ್ಲ."

ಮಧ್ಯಾಹ್ನವೇ ಅವನು ಮೈಕಿನ ಮುಂದೆ ಕೂತು ಬೇಡಿಕೊಂಡ. ತಮಾಷೆಯಿಲ್ಲದ ಅವನ ದನಿಯನ್ನು ನಾವು ಕೇಳಿದ್ದು ಅದೇ ಮೊದಲು. ಜನ ಬುಟ್ಟಿಗಳಲ್ಲಿ ಕ್ಯಾಸೆಟ್ಟು ತಂದರು. ಕೇಂದ್ರದ ಹಿಂದಿನ ಎಣ್ಣೆ ಪೀಪಾಯಿಯಲ್ಲಿ ಸುಟ್ಟರು. ಪ್ಲಾಸ್ಟಿಕ್ಕಿನ ಕರಿಹೊಗೆ ಹೊಗೆಸೊಪ್ಪಿನ ವಾಸನೆಯನ್ನೂ ಮುಚ್ಚಿತು.

ಲಾಸಿನಿಯನ್ನು ಮದುವೆಯಾಗಬೇಕಿದ್ದ ವಾಗಿಮಿನ್ ಮಾತ್ರ ಬರಲಿಲ್ಲ. ಅವನನ್ನು ಯಾರೂ ನೆನೆಯಲೂ ಇಲ್ಲ.

ಆ ಸಂಜೆ ಹಾಡನ್ನು ಐದು ನಿಮಿಷ ಮುಂಚೆ ಹಚ್ಚಿದ. ತರ್ವೊಕೊ ಗಾಜಿನಾಚೆ ತುಟಿಯಲ್ಲೇ ದೇವರ ನಾಮ ಜಪಿಸುತ್ತಿದ್ದ. ಏಳು ನಿಮಿಷ. ಗಿಟಾರು ಬಿತ್ತು. ಡ್ರಮ್ಮು ಬಿತ್ತು. ಅಜ್ಜಿ ಕರೆದಳು.

ಬೆಟ್ಟದ ಬೆನ್ನಿನವರೇ ಬನ್ನಿ.

ಬಾಗಿಲು ತೆರೆಯಲಿಲ್ಲ. ಆದರೂ ಕೋಣೆ ತುಂಬಿತು. ಬೂದಿಯ ವಾಸನೆ ಮೊಣಕಾಲ ತನಕ ಏರಿತು. ಎದೆಯ ತನಕ. ಹೊರಗೆ ಜೀರುಂಡೆಗಳು ನಿಂತವು. ಬಲ್ಬು ಮಂಕಾಯಿತು. ಬೆನ್ನಿಗೆ ಯಾರದೋ ಎದೆ ತಾಗಿತು. ತಣ್ಣಗೆ. ಇನ್ನೊಬ್ಬರು. ಮತ್ತೊಬ್ಬರು. ಮುಳ್ಳು ನಡುಗಿತು. ಹೆಸರಿನ ಜಾಗ ಬಂತು.

ಅವನು ಯಾರ ಹೆಸರನ್ನೂ ಹೇಳಲಿಲ್ಲ.

ಕಾದರು. ಕೆನ್ನೆಯ ಪಕ್ಕ ಉಸಿರು. ಕಿವಿಯ ಪಕ್ಕ ಉಸಿರು. ಗುರುತಿನ ರಾಗ ಬರುವ ಮುಂಚೆ ಅವನು ಕ್ಯಾಸೆಟ್ಟು ನಿಲ್ಲಿಸಿದ. ಮೈಕಿಗೆ ಬಾಗಿದ. ವಿಂದಾ. ಕೂಸು. ಉಸಿರು ಎಳೆದ. ಹಾಡಿದ.

"ಕಂಡಾಯಿತು, ಕೇಳಿಯಾಯಿತು, ಕತ್ತಲೆಯೂ ಆಯಿತು. ತಾತಂಗ್ ಎಂಬ ನಾನು ಕೈಮುಗಿದು ಕಳಿಸುವೆನು. ನಿಮ್ಮ ನಿಮ್ಮ ಮನೆಗೆ ನಡೆಯಿರಿ."

ಅಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ. ಕೇಳಿದವರು ಇಂದಿಗೂ ಹೇಳುತ್ತಾರೆ.

ಗಂಟಲೊಳಗೆ ತಣ್ಣಗಿನ ಬೆರಳೊಂದು ಇಳಿದಂತಾಯಿತು. ನೋಯಲಿಲ್ಲ. ಗಿಡದಿಂದ ಹಣ್ಣು ಬಿಡಿಸಿಕೊಂಡಂತೆ ಏನೋ ಬಿಟ್ಟುಬಂತು. ಕೋಣೆ ಖಾಲಿಯಾಯಿತು. ಜೀರುಂಡೆ ಕೂಗಿತು. ಮುಳ್ಳು ಸೊನ್ನೆಗೆ ಮಲಗಿತು. ಮಸೀದಿಯಿಂದ ಬಾಂಗ್ ಕೇಳಿಬಂತು, ತಿಳಿನೀರಿನ ಹಾಗೆ. ದೇವರು ದೊಡ್ಡವನು ಎಂದು ತಾತಂಗ್ ಜೊತೆಗೂಡಲು ಬಾಯಿ ತೆರೆದ. ಬರಿಯ ಗಾಳಿ ಬಂತು.

ವಿಂದಾರ್ತಿ ಅಂದು ಎರಡು ತಟ್ಟೆ ಅನ್ನ ಉಂಡಳು. ಬಾಗಿಲಿಗೆ ನಿಂತಿದ್ದ ಉಳಿದಿಬ್ಬರೂ ಮೊದಲಿನಂತೆ ಓಡಾಡಿದರು. ಎರಡು ತಿಂಗಳಿಗೆ ಹೆಣ್ಣುಮಗು ಹುಟ್ಟಿತು. ಅಪ್ಪನ ದನಿಯನ್ನೆಲ್ಲ ಇದೇ ಕದ್ದುಕೊಂಡಿದೆ ಎಂದು ನೆರೆಯವರು ನಗುವಷ್ಟು ಜೋರಾಗಿ ಅಳುತ್ತಿತ್ತು. ತಾತಂಗನೂ ನಗುತ್ತಿದ್ದ, ಸದ್ದಿಲ್ಲದೆ. ರೇಡಿಯೊ ಬಿಟ್ಟು ಸೊಪ್ಪಿನ ಹೊರೆ ಹೊರುತ್ತಿದ್ದ. ಏನಾದರೂ ಹೇಳುವುದಿದ್ದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಜಕಾರ್ತದಿಂದ ಬಂದ ಕಾಗದವನ್ನು ಒಲೆಗೆ ಹಾಕಿದ್ದ.

ಮಗುವಿಗೆ ಮೂವತ್ತೈದು ದಿನ ತುಂಬಿದ ಸಂಜೆ. ಮನೆಯಲ್ಲಿ ಪದ್ಧತಿಯಂತೆ ಹೆಸರಿಟ್ಟು, ಬಂದವರಿಗೆಲ್ಲ ಬುತ್ತಿ ಕಟ್ಟಿ ಕಳಿಸಿಯಾಗಿತ್ತು. ವಿಂದಾರ್ತಿ ಮಗುವನ್ನೆತ್ತಿಕೊಂಡು ಅಂಗಳದಲ್ಲಿದ್ದಳು. ಮಗು ಅಳುತ್ತಿತ್ತು. ತಾತಂಗ್ ಪಾತ್ರೆ ತೊಳೆಯುತ್ತಿದ್ದ. ಬೆಟ್ಟ ಕಪ್ಪಾಗುತ್ತಿತ್ತು.

ಮನೆಯೆದುರು ಆಳವಾದ ಕೊರಕಲು. ಅದರಾಚೆ ವಾಗಿಮಿನ್‌ನ ಕೊಟ್ಟಿಗೆ. ಲಾಸಿನಿಗೆ ಅವನು ಕಳಿಸಿದ್ದ ಕೊನೆಯ ಸಲಾಂ ಅವನ ಕ್ಯಾಸೆಟ್ಟಿನಲ್ಲಿತ್ತು. ಅದನ್ನು ಸುಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಕೊನೆಯ ಸಾಲು ಎಂದಾದರೂ ಸಿಕ್ಕೀತೆಂದು ದಿನವೂ ಅದೇ ಕ್ಯಾಸೆಟ್ಟಿಗೆ ಒಂದರ ಹಿಂದೆ ಒಂದು ಸಂಜೆಯ ಹೆಸರುಗಳನ್ನು ಇಳಿಸಿಕೊಂಡಿದ್ದ, ನಲವತ್ತನೆಯ ಸಂಜೆಯ ತನಕ. ಅಷ್ಟು ದಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದವನು ಅಂದು ತಾತಂಗನ ಮನೆಯ ಸಂಭ್ರಮ ನೋಡಿ ತಡೆಯಲಾರದೆ ಹಚ್ಚಿದ. ದನಿಯನ್ನು ಪೂರ್ತಿ ಏರಿಸಿದ.

ಕೊರಕಲಿನ ಮೇಲೆ ಅಜ್ಜಿಯ ದನಿ ತೇಲಿಬಂತು. ಬೂದಿಯ ಬಾಯವರೇ ಬನ್ನಿ.

ತಾತಂಗನ ಕೈಯಿಂದ ಪಾತ್ರೆ ಬಿತ್ತು.

"ಲಾಸಿನಿಗೆ," ಎಂದಿತು ಗಾಳಿ. ತಳದಲ್ಲಿ ಗುಡುಗು, ಮೇಲೆ ಜೇನು. ಅವನದೇ ದನಿ. "ನಾಳೆ ಬನ್ನಿ." ಟೇಪು ಕರಕರ ಎಂದು ಮುಂದೆ ಓಡಿತು. ಮತ್ತೊಂದು ಹೆಸರು. ನಾಳೆ ಬನ್ನಿ. ಮತ್ತೊಂದು. ನಾಳೆ ಬನ್ನಿ.

ಅವನು ಕೊರಕಲಿನ ಅಂಚಿಗೆ ಓಡಿದ. ಕೈ ಬೀಸಿದ. ಆಚೆ ವಾಗಿಮಿನ್ ಬೆನ್ನು ಮಾಡಿ ಕೂತಿದ್ದ. ಇಳಿದು ಹತ್ತಲು ಅರ್ಧ ಗಂಟೆಯ ದಾರಿ. ಬಾಯಿ ತೆರೆದ. ಗಾಳಿ. ಕಲ್ಲೆಸೆದ. ಕೊರಕಲು ನುಂಗಿತು. ಕೊನೆಯ ಸಾಲನ್ನು ತುಟಿಯಲ್ಲಿ ಹೇಳಿದ. ಕೈಮುಗಿದು ಹೇಳಿದ. ಮತ್ತೆ ಹೇಳಿದ. ಗಾಳಿ. ಬರಿಯ ಗಾಳಿ.

"ಬಾದಾಯ್ ಕಡೆಯಿಂದ," ಎಂದಿತು ಅವನ ದನಿ, ನಗುತ್ತಾ, "ನನ್ನ ಮುದ್ದು ಹೆಂಡತಿ ವಿಂದಾರ್ತಿಗೆ. ಅವಳ ಹೊಟ್ಟೇಲಿರೋ ನನ್ನ ಕಂದನಿಗೆ."

ಹಿಂದೆ ಅಂಗಳದಲ್ಲಿ ಮಗುವಿನ ಅಳು ತಟ್ಟನೆ ನಿಂತಿತು.

ಅವನು ತಿರುಗಿ ನೋಡಿದ. ವಿಂದಾರ್ತಿ ಹೊಸ್ತಿಲ ಮೇಲಿದ್ದಳು. ಅವಳ ತಲೆ ಒಂದು ಕಡೆ ವಾಲಿತ್ತು. ಅವಳ ತೋಳಿನಲ್ಲಿ ಮಗುವಿನ ತಲೆಯೂ, ಅದೇ ಕಡೆಗೆ. ಅವನು ಓಡಿಬಂದು ಅವಳ ಭುಜ ಹಿಡಿದು ಅಲುಗಾಡಿಸಿದ. ಬಾಯಿ ತೆರೆದು, ಮುಚ್ಚಿ, ತೆರೆದು, ಹೇಳಬೇಕಾದ್ದನ್ನೆಲ್ಲ ಹೇಳಿದ.

ಅವಳು ಮಗುವಿನ ಬೆನ್ನಿನಿಂದ ಒಂದು ಕೈ ತೆಗೆದು ಬೆರಳನ್ನು ಮೆಲ್ಲಗೆ ಅವನ ತುಟಿಯ ಮೇಲಿಟ್ಟಳು.

"ಶ್... ಇನ್ನೂ ಮುಗಿದಿಲ್ಲ."